ನಿಜ ಹೇಳುವುದರ ಬೆಲೆ: ಡೇಟಿಂಗ್ ಆ್ಯಪ್‌ಗಳಲ್ಲಿ ಹೆಣ್ಣು, ಗಂಡು

(ತುಮಕೂರಿನ ಕಾಲೇಜೊಂದರಲ್ಲಿ ಅಂತಿಮ ಪದವಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಸಮಾಜಶಾಸ್ತ್ರದ ಅಧ್ಯಾಪಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಏನೆಂದು ಗೊತ್ತಾದಾಗ ಪೋಷಕರೊಬ್ಬರು, "ಡೇಟಿಂಗ್ ಆ್ಯಪ್ ಎಲ್ಲಾ ಬೆಂಗಳೂರಿನವರ ಸಮಾಚಾರ ಮೇಡಂ, ನಮ್ಮ ತುಮಕೂರಿನ ಮಕ್ಕಳಿಗೆ ಅದರ ಗೊಡವೆ ಯಾಕೆ" ಎಂದರು. ಮೊದಲು ಆ ಮಾತಿಗೆ ಉತ್ತರ ಕೊಡುತ್ತೇನೆ. ಡೇಟಿಂಗ್ ಆ್ಯಪ್ ಎಂದರೆ ಪರಿಚಯವಿಲ್ಲದವರು ತಮ್ಮ ಫೋಟೋ, ವಿವರಗಳ ಪ್ರೊಫೈಲ್ ಹಾಕಿ, ಇಬ್ಬರೂ ಪರಸ್ಪರ ಇಷ್ಟ ಎಂದು ಒತ್ತಿದರೆ ಜೋಡಿ ಕೂಡಿ ಮಾತಾಡುವ ಜಾಗ. ಈ ಆ್ಯಪ್‌ಗಳು ನಡೆಯುವುದು ದೂರದ ಲೆಕ್ಕದ ಮೇಲೆ. ಎಷ್ಟು ಕಿಲೋಮೀಟರ್ ಒಳಗಿನವರನ್ನು ತೋರಿಸಬೇಕು ಎಂದು ನಾವೇ ಹೇಳಬೇಕು. ಟಿಂಡರ್ ಎಂಬ ಆ್ಯಪ್‌ನಲ್ಲಿ ಅದನ್ನು 160 ಕಿಲೋಮೀಟರ್‌ವರೆಗೂ ಹಿಗ್ಗಿಸಬಹುದು. ಇಲ್ಲಿಂದ ಬೆಂಗಳೂರು 70 ಕಿಲೋಮೀಟರ್. ಎಸ್.ಎಸ್. ಪುರಂನ ರೂಮಿನಲ್ಲಿ ಕೂತ ಹುಡುಗ ಆ ಗೆರೆಯನ್ನು 80ಕ್ಕೆ ಎಳೆದರೆ ಬೆಂಗಳೂರಿನ ಬಹುಪಾಲು ಅವನ ಫೋನಿಗೆ ಬಂದಂತೆ. ಬೆಳಗಿನ ರೈಲು ಹತ್ತಿ ಯಶವಂತಪುರಕ್ಕೆ ಕೆಲಸಕ್ಕೆ ಹೋಗಿ ಬರುವವರು ನಮ್ಮಲ್ಲಿ ಸಾವಿರಗಟ್ಟಲೆ ಇದ್ದಾರೆ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ದುಡಿಯುವ ಸಾವಿರಾರು ಹೆಣ್ಣುಮಕ್ಕಳು ಊರು ಬಿಟ್ಟು, ಸ್ವಂತ ಸಂಬಳ, ಸ್ವಂತ ಫೋನು ಹಿಡಿದು ಬದುಕುತ್ತಿದ್ದಾರೆ. ಭಾನುವಾರ ಬೆಳಿಗ್ಗೆ ನಂದಿಬೆಟ್ಟಕ್ಕೆ ಹೋಗುವ ಬೈಕುಗಳ ಹಿಂದಿನ ಸೀಟಿನಲ್ಲಿ ಕೂತವರೆಲ್ಲ ಬೆಂಗಳೂರಿನವರೇ ಎಂದು ನಂಬಿಕೊಂಡರೆ ನಮಗೇನೂ ಲಾಭವಿಲ್ಲ. ಮಕ್ಕಳು ಅಲ್ಲಿದ್ದಾರೆ. ನಾವು ಈ ಬಗ್ಗೆ ಮಾತಾಡದೇ ಇರುವುದರಿಂದ ಅವರು ಅಲ್ಲಿ ಒಂಟಿಯಾಗಿದ್ದಾರೆ, ಅಷ್ಟೇ.

ಆ್ಯಪ್‌ಗಳ ಬಗ್ಗೆ ಯಾರನ್ನೇ ಕೇಳಿ, ಮೊದಲು ಬರುವ ದೂರು "ಎಲ್ಲಾ ಫೇಕ್ ಮೇಡಂ" ಎಂಬುದು. ಹುಡುಗರೂ ಹೇಳುತ್ತಾರೆ, ಹುಡುಗಿಯರೂ ಹೇಳುತ್ತಾರೆ. ಇಬ್ಬರ ಮಾತೂ ನಿಜ. ಆದರೆ ಅವರು ಹೇಳುತ್ತಿರುವುದು ಒಂದೇ ಸಂಗತಿಯಲ್ಲ. ಹುಡುಗನಿಗೆ ನಿಜ ಹೇಳಿದರೆ ಆಗುವ ನಷ್ಟವೇ ಬೇರೆ, ಹುಡುಗಿಗೆ ಆಗುವ ನಷ್ಟವೇ ಬೇರೆ. ಇದನ್ನು ಗಮನಿಸದೆ ಇಬ್ಬರಿಗೂ ಒಟ್ಟಿಗೆ "ಪ್ರಾಮಾಣಿಕರಾಗಿರಿ" ಎಂದು ಬುದ್ಧಿ ಹೇಳುವುದು ಅನ್ಯಾಯ. ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಸಂಬಂಧ ಕೂಡಿಸುವಾಗ ಸುಳ್ಳು ಹೇಳುವುದನ್ನು ಆ್ಯಪ್‌ಗಳು ನಮಗೆ ಕಲಿಸಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮ ಅಜ್ಜಿಯರ ಕಾಲದ್ದು. ಬ್ರೋಕರ್ ಹೇಳುವ ಸಂಬಳಕ್ಕೂ ಹುಡುಗನ ಸಂಬಳದ ಚೀಟಿಗೂ ತಾಳೆಯಾಗುತ್ತಿರಲಿಲ್ಲ. ಫೋಟೋ ಸ್ಟುಡಿಯೋದವರು ಹುಡುಗಿಯ ಮೈಬಣ್ಣವನ್ನು ತಿದ್ದುತ್ತಿದ್ದರು. ಜಾತಕವನ್ನೇ ಹೊಸದಾಗಿ ಬರೆಸಿದವರಿದ್ದಾರೆ. ಆದರೆ ಆ ಸುಳ್ಳುಗಳಿಗೆ ಎದುರಾಗಿ ಒಂದು ವ್ಯವಸ್ಥೆ ಇತ್ತು: ವಿಚಾರಿಸುವುದು. ಹುಡುಗಿಯ ಸೋದರಮಾವ ಯಾವುದೋ ನೆಪ ಮಾಡಿಕೊಂಡು ಹುಡುಗನ ಊರಿಗೆ ಹೋಗುತ್ತಿದ್ದ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಟೀ ಕುಡಿಯುತ್ತಾ "ಇಂಥವರ ಮನೆ ಎಲ್ಲಿ ಬರುತ್ತೆ, ಹುಡುಗ ಹೆಂಗೆ" ಅಂತ ಕೇಳುತ್ತಿದ್ದ. ಕುಡಿತ, ಸಾಲ, ಮೊದಲೇ ಆಗಿದ್ದ ಮದುವೆ, ಎಲ್ಲವೂ ಅಲ್ಲಿ ಹೊರಬೀಳುತ್ತಿತ್ತು. ಆ ವ್ಯವಸ್ಥೆಯ ಹೊಗಳಿಕೆಗೆ ನಾನು ನಿಂತಿಲ್ಲ. ಜಾತಿ ಕಾಯುವ ಕಾವಲೂ ಅದೇ ಆಗಿತ್ತು, ಹೆಣ್ಣಿನ ಬಾಯಿ ಮುಚ್ಚಿಸುವ ಕೈಯೂ ಅದೇ. ಆದರೂ ಸುಳ್ಳನ್ನು ಹಿಡಿಯುವ ಕೆಲಸವನ್ನು ಅದು ಮಾಡುತ್ತಿತ್ತು, ಮತ್ತು ಆ ಕೆಲಸವನ್ನು ಹತ್ತಾರು ಜನ ಹಂಚಿಕೊಂಡು ಮಾಡುತ್ತಿದ್ದರು. ಆ್ಯಪ್‌ನಲ್ಲಿ ಅದೇ ಕೆಲಸ ಒಬ್ಬ ಇಪ್ಪತ್ತೊಂದು ವರ್ಷದ ಹುಡುಗಿಯ ತಲೆ ಮೇಲೆ ಬಿದ್ದಿದೆ. ಅವಳು ಯಾರನ್ನೂ ಕೇಳುವ ಹಾಗಿಲ್ಲ, ಯಾಕೆಂದರೆ ಅವಳು ಅಲ್ಲಿರುವುದೇ ಮನೆಯವರಿಗೆ ಗೊತ್ತಿಲ್ಲ.

ಇನ್ನು ಜನ ಎಷ್ಟು ಸುಳ್ಳು ಹೇಳುತ್ತಾರೆ ಎಂಬ ಪ್ರಶ್ನೆ. ಇದನ್ನು ಅಳತೆ ಹಿಡಿದೇ ನೋಡಿದವರಿದ್ದಾರೆ. ಕ್ಯಾಟಲೀನಾ ಟೋಮಾ, ಜೆಫ್ರಿ ಹ್ಯಾಂಕಾಕ್, ನಿಕೋಲ್ ಎಲಿಸನ್ ಎಂಬ ಸಂಶೋಧಕರು ನ್ಯೂಯಾರ್ಕಿನಲ್ಲಿ ಡೇಟಿಂಗ್ ತಾಣಗಳನ್ನು ಬಳಸುವ 80 ಜನರನ್ನು ಕರೆಸಿ, ಎತ್ತರ ಅಳೆದರು, ತೂಕ ನೋಡಿದರು, ಡ್ರೈವಿಂಗ್ ಲೈಸೆನ್ಸಿನಲ್ಲಿದ್ದ ವಯಸ್ಸನ್ನು ಪ್ರೊಫೈಲಿಗೆ ಹೋಲಿಸಿದರು. 2008ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ನೂರಕ್ಕೆ 81 ಮಂದಿ ಈ ಮೂರರಲ್ಲಿ ಒಂದರಲ್ಲಾದರೂ ಸುಳ್ಳು ಹೇಳಿದ್ದರು. ಗಂಡಸರು ಎತ್ತರ ಹೆಚ್ಚಿಸಿದ್ದರು, ಹೆಂಗಸರು ತೂಕ ಇಳಿಸಿದ್ದರು. ಆದರೆ ಹೆಚ್ಚಿನ ಸುಳ್ಳುಗಳು ತೀರಾ ಸಣ್ಣವು. ಎದುರು ಬಂದು ನಿಂತರೂ ಥಟ್ಟನೆ ಗೊತ್ತಾಗದಷ್ಟು. ಮುಂದೆ ಭೇಟಿಯಾಗಬೇಕು ಎಂಬ ಆಸೆಯೇ ಅವರ ಸುಳ್ಳಿಗೆ ಕಡಿವಾಣ ಹಾಕಿತ್ತು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಯಾರು ಯಾವುದರಲ್ಲಿ ಸುಳ್ಳು ಹೇಳಿದರು ಎಂಬುದು. ಲೋಕ ತನ್ನನ್ನು ಯಾವುದರಿಂದ ಅಳೆಯುತ್ತದೋ ಅದರಲ್ಲೇ ಮನುಷ್ಯ ಸುಳ್ಳು ಹೇಳುತ್ತಾನೆ. ನ್ಯೂಯಾರ್ಕಿನಲ್ಲಿ ಗಂಡಸನ್ನು ಎತ್ತರದಿಂದ ಅಳೆದರೆ ನಮ್ಮಲ್ಲಿ ಕೆಲಸದಿಂದ ಅಳೆಯುತ್ತಾರೆ.

ತಿಪಟೂರು ಕಡೆಯ ಒಬ್ಬ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ತನ್ನ ಪ್ರೊಫೈಲನ್ನು ನನಗೆ ತೋರಿಸಿದ. ಯಾಕೆ ಯಾರೂ ಮಾತಾಡಿಸುತ್ತಿಲ್ಲ ಎಂಬುದು ಅವನ ಸಂಕಟ. ಮೊದಲ ಚಿತ್ರದಲ್ಲಿ ದೇವರಾಯನದುರ್ಗದ ತಿರುವಿನಲ್ಲಿ ಬಿಳಿ ಕಾರಿಗೆ ಒರಗಿ ನಿಂತಿದ್ದ; ಕಾರು ಸ್ನೇಹಿತನ ಭಾವನದು. ಊರು ಎಂದಿರುವ ಕಡೆ ಬೆಂಗಳೂರು ಎಂದಿತ್ತು, ಕೆಲಸದ ಜಾಗದಲ್ಲಿ ಬಿಸಿನೆಸ್. ಯಾವ ಬಿಸಿನೆಸ್ ಎಂದು ಕೇಳಿದೆ. ಅಪ್ಪನ ಜೊತೆ ತೆಂಗಿನ ತೋಟ, ಕೊಬ್ಬರಿ. ಆಮೇಲೆ ಅವನು ಹೇಳಿದ್ದನ್ನು ನಾನು ಬೆರಗಾಗಿ ಕೇಳಿದೆ. ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಸುಮಾರು ಹತ್ತು ಹನ್ನೊಂದು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಟ್ಟು ಬರಬೇಕು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಗಟ್ಟಿಯಾಗಿ ಲೊಟಲೊಟ ಎನ್ನಬೇಕು; ನೀರಿನ ಸದ್ದು ಕೊಂಚ ಕೇಳಿದರೂ ಇನ್ನೂ ಕಾಯಬೇಕು. ಅವಸರದಲ್ಲಿ ಸುಲಿದರೆ ಉಂಡೆ ಕೊಬ್ಬರಿ ಆಗುವುದಿಲ್ಲ, ತಿಪಟೂರು ಮಾರುಕಟ್ಟೆಯಲ್ಲಿ ಅದಕ್ಕೆ ರೇಟೂ ಇರುವುದಿಲ್ಲ. ಇಷ್ಟು ಹೇಳುವಾಗ ಆ ಹುಡುಗನ ಮುಖದಲ್ಲಿ ಒಂದು ಕಳೆ ಇತ್ತು. "ಇದನ್ನೇ ಯಾಕಪ್ಪಾ ಬರೆಯಲಿಲ್ಲ" ಎಂದೆ. "ರೈತ ಅಂತ ಹಾಕಿದ್ರೆ ಮುಗೀತು ಮೇಡಂ, ಆ ಕಡೆ ತಳ್ಳಿಬಿಡ್ತಾರೆ" ಎಂದ.

ಅವನ ಮಾತನ್ನು ನಾನು ತಳ್ಳಿಹಾಕಲಾರೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆಯ ಪ್ರಚಾರಕ್ಕೆ ಕೋಲಾರಕ್ಕೆ ಬಂದ ಎಚ್.ಡಿ. ಕುಮಾರಸ್ವಾಮಿಯವರು, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಹೇಳಿದರು. ಚುನಾವಣಾ ಭಾಷಣಕ್ಕೇ ಬಂದಿದೆ ಎಂದರೆ ಊರೂರಲ್ಲಿ ಈ ನೋವು ಎಷ್ಟು ಆಳವಾಗಿದೆ ಎಂದು ತಿಳಿಯುತ್ತದೆ. ಆದರೆ ಇದರ ಇನ್ನೊಂದು ಮುಖವನ್ನು ಹುಡುಗರು ನೋಡಬೇಕು. ರೈತನ ಮನೆಗೆ ಬೇಡ ಎನ್ನುವ ಹುಡುಗಿಗೆ ಮಣ್ಣಿನ ಮೇಲೆ ಅಸಹ್ಯವಿಲ್ಲ. ತನ್ನ ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಹಸುವಿನ ಹಾಲು ಕರೆದು, ಡೇರಿಗೆ ಹಾಕಿ, ಅಡುಗೆ ಮಾಡಿ, ಕಳೆ ಕೀಳಲು ಹೋಗಿ, ಕೊನೆಗೆ ಪಹಣಿಯಲ್ಲಿ ಹೆಸರಿಲ್ಲದೆ ಸವೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಕಾರಿಗೆ ಒರಗಿ ನಿಂತ ಚಿತ್ರ ಆ ಭಯವನ್ನು ಹೋಗಲಾಡಿಸುವುದಿಲ್ಲ. ನಿನ್ನ ಮನೆಯಲ್ಲಿ ನನ್ನ ದುಡಿಮೆಗೆ ಲೆಕ್ಕವಿರುತ್ತದೆಯೇ ಎಂಬುದು ಅವಳ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಪ್ರೊಫೈಲನ್ನು ನಾನಿನ್ನೂ ನೋಡಿಲ್ಲ.

ಈಗ ಹುಡುಗಿಯ ಕಡೆಗೆ ಬರೋಣ. ನಮ್ಮ ಊರುಗಳ ಹೆಣ್ಣುಮಕ್ಕಳ ಪ್ರೊಫೈಲುಗಳಲ್ಲಿ ಮುಖ ಇರುವುದು ಕಡಿಮೆ. ಮೆಹೆಂದಿ ಹಚ್ಚಿದ ಕೈ, ಹಿಂದಿನಿಂದ ತೆಗೆದ ಜಡೆ, ಸೂರ್ಯಾಸ್ತ. ಹೆಸರಿನ ಜಾಗದಲ್ಲಿ ಒಂದಕ್ಷರ. ಒಬ್ಬ ಹುಡುಗಿ ತನಗೆ ಬಂದ ಸಂದೇಶಗಳನ್ನು ತೋರಿಸಿದಳು. "ಹಾಯ್". "ಊಟ ಆಯ್ತಾ". ಮೂರನೆಯದೇ "ಫೇಕ್ ಐಡಿನಾ? ನಿಜವಾದ ಹುಡುಗಿ ಆಗಿದ್ರೆ ಮುಖ ತೋರಿಸು". ಅವಳು ಇನ್ನೂ ಸ್ವಲ್ಪ ದಿನ ಹೋಗಲಿ ಎಂದಳು. ನಾಲ್ಕನೆಯದನ್ನು ಈ ಸಭೆಯಲ್ಲಿ ಓದಲಾಗದು. ಇದು ನಡೆದದ್ದು ಐದು ನಿಮಿಷದೊಳಗೆ. ಬೈದವನು ತನ್ನನ್ನು ಮೋಸಕ್ಕೆ ಒಳಗಾದವನೆಂದೇ ತಿಳಿದುಕೊಂಡಿರುತ್ತಾನೆ ಎಂಬುದು ನನಗೆ ಹೆಚ್ಚು ಚಿಂತೆ ತರುವ ಸಂಗತಿ.

ಅವಳು ಮುಖ ತೋರಿಸಿದರೆ ಏನಾಗಬಹುದು? ತುಮಕೂರು ದೊಡ್ಡ ಊರೇನಲ್ಲ. ಬಿ.ಎಚ್. ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದರೆ ಪರಿಚಯದವರು ಇಬ್ಬರಾದರೂ ಸಿಗುತ್ತಾರೆ. ಆ್ಯಪ್‌ನಲ್ಲಿ ಅವಳನ್ನು ಕಂಡವನು ಅಣ್ಣನ ಕ್ಲಾಸ್‌ಮೇಟ್ ಆಗಿರಬಹುದು. ಒಂದು ಸ್ಕ್ರೀನ್‌ಶಾಟ್ ಸಾಕು. ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ, ರಾತ್ರಿಯೊಳಗೆ ಮನೆಗೆ ಮುಟ್ಟಿರುತ್ತದೆ. ಫೋನು ಹೋಗುತ್ತದೆ, ಆಮೇಲೆ ಕಾಲೇಜು ಹೋಗುತ್ತದೆ, ಆಮೇಲೆ ಸಿಕ್ಕಿದ ಮೊದಲ ಗಂಡಿಗೆ ಅವಳನ್ನು ಕಟ್ಟುವ ಮಾತು ಬರುತ್ತದೆ. ಅವಳನ್ನು ಅದೇ ಆ್ಯಪ್‌ನಲ್ಲಿ ಕಂಡ ಹುಡುಗ ತಾನೇಕೆ ಅಲ್ಲಿದ್ದ ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಇಷ್ಟು ದೊಡ್ಡ ಪಣವನ್ನು ಒಬ್ಬ ಅಪರಿಚಿತನ ಕೈಯಲ್ಲಿಡು ಎಂದು ಕೇಳುವುದನ್ನು ಪ್ರಾಮಾಣಿಕತೆಯ ಪಾಠ ಎನ್ನಲು ನನ್ನಿಂದಾಗದು.

ಇದಕ್ಕೆ ಸಂಖ್ಯೆಯ ಏರುಪೇರೂ ಸೇರಿಕೊಳ್ಳುತ್ತದೆ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ಇಂಟರ್‌ನೆಟ್‌ನಲ್ಲೇ ಹೀಗಿದ್ದರೆ, ಮನೆಯವರ ಕಣ್ಣು ತಪ್ಪಿಸಿ ಬಳಸಬೇಕಾದ ಡೇಟಿಂಗ್ ಆ್ಯಪ್‌ನಲ್ಲಿ ಹೆಣ್ಣುಮಕ್ಕಳು ಇನ್ನೂ ಕಡಿಮೆ ಇರುವುದು ಸಹಜ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಗ್ಯಾರೆತ್ ಟೈಸನ್ ಮತ್ತು ಜೊತೆಗಾರರು ಟಿಂಡರ್‌ನಲ್ಲಿ ಪ್ರಯೋಗಕ್ಕಾಗಿ ಪ್ರೊಫೈಲುಗಳನ್ನು ತೆರೆದು ನೋಡಿದ್ದರು. 2016ರಲ್ಲಿ ಅದು ಪ್ರಕಟವಾಯಿತು. ಹೆಣ್ಣಿನ ಪ್ರೊಫೈಲಿಗೆ ನೂರಕ್ಕೆ ಸುಮಾರು 10 ಕಡೆ ಜೋಡಿ ಕೂಡಿತು. ಗಂಡಿನದಕ್ಕೆ ನೂರಕ್ಕೆ ಒಂದೂ ಇಲ್ಲ, 0.6. ಇದರ ಪರಿಣಾಮ ಹೇಗಿರುತ್ತದೆ ನೋಡಿ. ಗಂಡಿಗೆ ಯಾರೂ ಒಲಿಯುವುದಿಲ್ಲ, ಹಾಗಾಗಿ ಅವನು ಕಂಡಕಂಡವರಿಗೆಲ್ಲ ಇಷ್ಟ ಎಂದು ಒತ್ತುತ್ತಾನೆ. ಅವನು ಹಾಗೆ ಒತ್ತುವುದರಿಂದ ಹೆಣ್ಣಿನ ಫೋನು ತುಂಬುತ್ತದೆ, ಅವಳು ಇನ್ನಷ್ಟು ಬಿಗಿಯಾಗುತ್ತಾಳೆ. ಅವಳು ಬಿಗಿಯಾದಷ್ಟೂ ಅವನಿಗೆ ಸಿಗುವುದು ಮತ್ತೂ ಕಡಿಮೆ. ಅವನ "ಇಷ್ಟ"ಕ್ಕೂ ಅರ್ಥವಿಲ್ಲ, ಅವಳ ಮೌನವೂ ಅವನೊಬ್ಬನ ಮೇಲಿನ ತೀರ್ಪಲ್ಲ. ಅವನು ಮಾತ್ರ ಅದನ್ನು ಅವಮಾನವೆಂದು ಒಳಗೆ ಇಳಿಸಿಕೊಳ್ಳುತ್ತಾನೆ, ಮತ್ತು ಆ ಅವಮಾನವನ್ನು ಮುಂದೆ ಸಿಗುವ ಒಂದಕ್ಷರದ ಹುಡುಗಿಯ ಮೇಲೆ ಕಾರುತ್ತಾನೆ. ಹುಡುಗರೇ, ಇಲ್ಲಿ ನಿಮಗೂ ಗಾಯವಾಗುತ್ತಿದೆ, ಅದನ್ನು ನಾನು ಬಲ್ಲೆ. ಆದರೆ ಗಾಯ ಮಾಡಿದವಳು ಅವಳಲ್ಲ.

ಮೊದಲು ಕೇಳುವವರು ಯಾರು ಎಂಬ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಎಂಬ ಗಣಿತಜ್ಞರು 1962ರಲ್ಲಿ ಒಂದು ಲೆಕ್ಕ ಬಿಡಿಸಿದರು. ಇಷ್ಟು ಗಂಡು, ಇಷ್ಟು ಹೆಣ್ಣು, ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದು ಪಟ್ಟಿ. ಒಂದು ಕಡೆಯವರು ತಮ್ಮ ಪಟ್ಟಿಯ ಮೇಲಿನಿಂದ ಕೇಳುತ್ತಾ ಬರಬೇಕು. ಇನ್ನೊಂದು ಕಡೆಯವರು ಬಂದವರಲ್ಲಿ ಉತ್ತಮರನ್ನು ಹಿಡಿದಿಟ್ಟುಕೊಂಡು ಉಳಿದವರನ್ನು ಕಳಿಸಬೇಕು. ಕೊನೆಗೆ ಯಾರೂ ಜೋಡಿ ಬಿಟ್ಟು ಓಡಿಹೋಗದಂಥ ಹೊಂದಾಣಿಕೆ ಬಂದೇ ಬರುತ್ತದೆ. ಆದರೆ ಅಂಥ ಹೊಂದಾಣಿಕೆಗಳಲ್ಲಿ ಕೇಳುತ್ತಾ ಹೋದವರಿಗೆ ಸಿಗಬಹುದಾದ ಅತ್ಯುತ್ತಮ ಜೋಡಿ ಸಿಗುತ್ತದೆ, ಕಾದು ಕೂತವರಿಗೆ ಕೊನೆಯದು. ಶೇಪ್ಲಿಯವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಮನೆಗಳಲ್ಲಿ ಯಾರು ಕೇಳುತ್ತಾ ಹೋಗುತ್ತಾರೆ, ಯಾರು ಸೀರೆ ಉಟ್ಟು ತಟ್ಟೆ ಹಿಡಿದು ಕಾಯುತ್ತಾರೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

2014ರಲ್ಲಿ ಅಮೆರಿಕದ ವಿಟ್ನಿ ವೂಲ್ಫ್ ಹರ್ಡ್ ಎಂಬಾಕೆ ಬಂಬಲ್ ಆ್ಯಪ್ ಶುರು ಮಾಡಿದರು. ಹೆಣ್ಣು ಗಂಡು ಒಪ್ಪಿಕೊಂಡ ಮೇಲೆ ಹೆಣ್ಣೇ ಮೊದಲ ಸಂದೇಶ ಕಳಿಸಬೇಕು ಎಂಬುದು ಅದರ ನಿಯಮ. 2018ರ ಕೊನೆಗೆ ಭಾರತಕ್ಕೂ ಬಂತು. 2024ರಲ್ಲಿ ನಿಯಮ ಸಡಿಲವಾಯಿತು: ಹೆಣ್ಣು ಒಂದು ಪ್ರಶ್ನೆ ಬರೆದಿಟ್ಟರೆ ಸಾಕು, ಗಂಡು ಅದಕ್ಕೆ ಉತ್ತರ ಕೊಟ್ಟು ಮಾತು ಆರಂಭಿಸಬಹುದು. ಮೊದಲ ಮಾತನ್ನು ಸದಾ ತಾವೇ ಆಡುವುದು ಎಷ್ಟೋ ಹೆಣ್ಣುಮಕ್ಕಳಿಗೆ ಹೊರೆ ಅನ್ನಿಸಿತ್ತು. ನಮ್ಮ ಕಡೆ ಅದು ಹೊರೆ ಮಾತ್ರವಲ್ಲ, ಅಪಾಯ. ಮೊದಲು ಮಾತಾಡಿಸಿದವಳನ್ನು "ಇವಳು ತುಂಬಾ ಮುಂದುವರಿದಿದ್ದಾಳೆ" ಎನ್ನುವ ಗಂಡಸರು ಅದೇ ಆ್ಯಪ್‌ನಲ್ಲೇ ಇದ್ದಾರೆ. ಹಾಗಾಗಿ ಇಷ್ಟವಾದರೂ ಇಲ್ಲದ ಹಾಗೆ ಇರಬೇಕು, ಉತ್ತರವನ್ನು ಎರಡು ಗಂಟೆ ತಡ ಮಾಡಿ ಕಳಿಸಬೇಕು. ಈ ನಟನೆಯನ್ನು ಅವಳ ಕೈಯಲ್ಲಿ ಮಾಡಿಸುತ್ತಿರುವವರು ನಾವು.

ಹಾಗಾದರೆ ಯಾವುದನ್ನು ಸುಳ್ಳು ಎನ್ನಬೇಕು? ನನ್ನ ಅಳತೆ ಇದು. ಎದುರಿನವರ ತೀರ್ಮಾನ ಕೆಡುವಂತೆ ಒಂದು ಮಾತು ಹೇಳಿದರೆ, ಅಥವಾ ಅವರಿಗೆ ಗೊತ್ತಿರಲೇಬೇಕಾದುದನ್ನು ಗೊತ್ತಾಗದಂತೆ ಮಾಡಿದರೆ, ಅದು ಮೋಸ. ಮದುವೆಯಾಗಿದ್ದೂ ಆಗಿಲ್ಲ ಎನ್ನುವುದು ಮೋಸ. ಮದುವೆಯ ಉದ್ದೇಶವಿಲ್ಲದೆ ಮದುವೆಯ ಮಾತಾಡುವುದು ಮೋಸ. ಬೇರೆಯವನ ಫೋಟೋ ಹಾಕುವುದು ಮೋಸ, ಹುಡುಗಿಯ ಹೆಸರಲ್ಲಿ ಹುಡುಗ ಪ್ರೊಫೈಲ್ ತೆರೆದು ಸ್ನೇಹಿತನನ್ನು ಆಟ ಆಡಿಸುವುದೂ ಮೋಸ. ಆದರೆ ಮುಖವನ್ನು, ಪೂರ್ತಿ ಹೆಸರನ್ನು, ಕಾಲೇಜನ್ನು, ಮನೆ ಇರುವ ಬೀದಿಯನ್ನು ನಂಬಿಕೆ ಬರುವ ತನಕ ಹೇಳದಿರುವುದು ಮೋಸವಲ್ಲ. ಅದು ಅವಳ ಹಕ್ಕು.

ಜಾತಿಯ ವಿಷಯದಲ್ಲೂ ಹೀಗೇ. "ಯಾವ ಜನ ನೀವು" ಎಂದು ಎರಡನೇ ದಿನವೇ ಕೇಳುತ್ತಾರೆ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ಮದುವೆಗಳು ನೂರಕ್ಕೆ ಸುಮಾರು ಐದು. ಅಂಥ ಸಮಾಜದಲ್ಲಿ ದಲಿತ ಹುಡುಗನೋ ಹುಡುಗಿಯೋ ಆ ಪ್ರಶ್ನೆಗೆ ಉತ್ತರ ಕೊಡದೆ ಮಾತು ತಿರುಗಿಸಿದರೆ ಅವರನ್ನು ಅಪ್ರಾಮಾಣಿಕರು ಎನ್ನುವವರು, ಮೊದಲು ಆ ಪ್ರಶ್ನೆ ಕೇಳಿದ್ದು ಯಾಕೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಆ್ಯಪ್‌ಗಳ ನೀಲಿ ಗುರುತಿನ ಬಗ್ಗೆ ಒಂದು ಮಾತು. ಸೆಲ್ಫಿ ತೆಗೆಸಿಕೊಂಡು, ಪ್ರೊಫೈಲಿನ ಫೋಟೋಗೆ ಹೋಲಿಸಿ ಆ ಗುರುತು ಕೊಡುತ್ತಾರೆ. ಮುಖ ಅದೇ ಎಂದಷ್ಟೇ ಅದು ಹೇಳುತ್ತದೆ. ಅವನಿಗೆ ಹೆಂಡತಿ ಇದ್ದಾಳೆಯೇ, ಕೆಲಸ ಹೇಳಿದ್ದೇ ಹೌದೇ ಎಂದು ಹೇಳುವುದಿಲ್ಲ. ಫೋಟೋ ಬೇರೆಡೆಯಿಂದ ಎತ್ತಿಕೊಂಡದ್ದೇ ಎಂದು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ, ವಿಡಿಯೊ ಕರೆಯಲ್ಲಿ ಮಾತಾಡಿ, ಮೊದಲ ಭೇಟಿ ಜನ ಓಡಾಡುವ ಹೋಟೆಲಿನಲ್ಲಿರಲಿ, ಅವರ ಗಾಡಿಯಲ್ಲಿ ಹೋಗಬೇಡಿ, ನಾಮದ ಚಿಲುಮೆಯೋ ನಂದಿಬೆಟ್ಟವೋ ಆಮೇಲೆ ನೋಡಿಕೊಳ್ಳಬಹುದು. ಇವೆಲ್ಲ ನಿಮಗೆ ಗೊತ್ತಿರುವವೇ. ಇವೆಲ್ಲಕ್ಕಿಂತ ದೊಡ್ಡದು ಒಬ್ಬ ಗೆಳತಿಗೆ, ಒಬ್ಬ ಅಕ್ಕನಿಗೆ ಹೇಳಿ ಹೋಗುವುದು. ಹಿಂದೆ ಸೋದರಮಾವ ಮಾಡುತ್ತಿದ್ದ ವಿಚಾರಣೆಯನ್ನು ಈಗ ಗೆಳತಿಯರು ಮಾಡಬಹುದು, ಜಾತಿಯ ಕಾವಲನ್ನು ಹೊರಗಿಟ್ಟು.

ಹುಡುಗರು ಬಾಯಿಬಿಡದ ಒಂದು ಸಂಗತಿ ಇದೆ. ಅಪರಿಚಿತ ಹುಡುಗಿಯಿಂದ ಸ್ನೇಹ, ಎರಡೇ ದಿನಕ್ಕೆ ವಿಡಿಯೊ ಕರೆ, ಆ ಕಡೆ ಬಟ್ಟೆಯಿಲ್ಲದ ಹೆಣ್ಣು, ಈ ಕಡೆ ನಿಮ್ಮ ಮುಖ ರೆಕಾರ್ಡ್ ಆಗುತ್ತದೆ. ಮರುಕ್ಷಣ ಹಣದ ಬೇಡಿಕೆ. ಕೊಡದಿದ್ದರೆ ನಿಮ್ಮ ಸಂಪರ್ಕದಲ್ಲಿರುವವರಿಗೆಲ್ಲ ಕಳಿಸುತ್ತೇವೆ ಎಂಬ ಬೆದರಿಕೆ. ಆ ಹುಡುಗಿ ಹೆಚ್ಚಾಗಿ ಹಳೆಯ ವಿಡಿಯೊ ಓಡಿಸುತ್ತಿರುವ ಗಂಡಸರ ಗುಂಪು. ಗಂಡಸು ಎಂದ ಮೇಲೆ ಹೆದರಬಾರದು, ಅಳಬಾರದು ಎಂದು ಬೆಳೆಸಿದ ಹುಡುಗರು ಯಾರಿಗೂ ಹೇಳದೆ ಸಾಲ ಮಾಡಿ ಹಣ ಕಳಿಸುತ್ತಾರೆ. ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಹಣ ಕಳಿಸಬೇಡಿ. ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. 1930ಕ್ಕೆ ಕರೆ ಮಾಡಿ; ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಹಣ ಹೋಗಿದ್ದರೆ ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು.

ಕಾನೂನಿನ ಎರಡು ಸಂಗತಿ. ಕಂಪ್ಯೂಟರ್ ಅಥವಾ ಫೋನ್ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, ಈಡೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು, ಅಥವಾ ತಾನು ಯಾರೆಂಬುದನ್ನು ಮುಚ್ಚಿಟ್ಟು ಮದುವೆಯಾಗಿ ಹೆಣ್ಣಿನೊಂದಿಗೆ ದೈಹಿಕ ಸಂಬಂಧ ಬೆಳೆಸುವುದನ್ನು ಅಪರಾಧ ಎನ್ನುತ್ತದೆ. 10 ವರ್ಷದವರೆಗೆ ಶಿಕ್ಷೆ. ಪ್ರೀತಿಸಿ, ಹೊಂದಿಕೆಯಾಗದೆ ಬೇರೆಯಾದವರನ್ನು ಜೈಲಿಗೆ ಹಾಕುವ ಕಲಂ ಇದಲ್ಲ. ಮೊದಲಿನಿಂದಲೂ ಉದ್ದೇಶವೇ ಮೋಸವಾಗಿತ್ತೇ ಎಂಬುದು ನ್ಯಾಯಾಲಯದ ಮುಂದಿನ ಪ್ರಶ್ನೆ.

ಪೋಷಕರಲ್ಲಿ ನನ್ನದೊಂದು ಬೇಡಿಕೆ. ಮಗಳ ಫೋನಿನಲ್ಲಿ ಇಂಥದ್ದು ಕಂಡ ದಿನ ಫೋನು ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಅವಳು ಇನ್ನೊಂದು ಫೋನು ಹೊಂದಿಸಿಕೊಳ್ಳುತ್ತಾಳೆ, ಮತ್ತು ಅದರಲ್ಲಿ ಬೆದರಿಕೆ ಬಂದ ದಿನ ನಿಮ್ಮ ಹತ್ತಿರ ಬರುವುದಿಲ್ಲ. ಮೋಸಗಾರ ಅವಳಿಗೆ ಮೊದಲು ಹೇಳುವ ಮಾತೇ "ನಿಮ್ಮ ಅಪ್ಪನಿಗೆ ಹೇಳ್ತೀನಿ" ಎಂಬುದು. ಅಪ್ಪನಿಗೆ ಆಗಲೇ ಗೊತ್ತಿದ್ದರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮಗನ ಫೋನಿನಲ್ಲಿ ಕಂಡರೂ ಇದೇ ಪ್ರಶ್ನೆಗಳನ್ನು ಕೇಳಿ: ಯಾರ ಜೊತೆ ಮಾತಾಡುತ್ತೀಯ, ಅವಳ ಫೋಟೋವನ್ನು ಯಾರಿಗಾದರೂ ಕಳಿಸಿದ್ದೀಯಾ. ಈ ಎರಡನೇ ಪ್ರಶ್ನೆಯನ್ನು ಗಂಡುಮಕ್ಕಳಿಗೆ ಯಾವ ಮನೆಯಲ್ಲೂ ಕೇಳುತ್ತಿಲ್ಲ.

ಈಗ ಪ್ರಶ್ನೆಗಳಿಗೆ ಸಮಯ. ಎದ್ದು ನಿಂತು ಕೇಳುವವರು ಕೇಳಿ. ಬರೆದು ಕೊಡುತ್ತೇವೆ ಎನ್ನುವವರಿಗೆ ಪ್ರತಿ ಸಾಲಿನಲ್ಲೂ ಚೀಟಿಗಳನ್ನು ಇಟ್ಟಿದ್ದಾರೆ. ಹೆಸರು, ತರಗತಿ ಬರೆಯಬೇಕಾಗಿಲ್ಲ.